ಆ ಕಾರ್ಡಲ್ಲಿ ಇರುವವರು ಪಿಶಾಚ ನರ್ತಕರಲ್ಲ ಸಂಪಾದಕರೇ

ಮಾನ್ಯ ಸಂಪಾದಕರೇ,

ಹೋದ ಭಾನುವಾರದ ನಿಮ್ಮ ಪುರವಣಿಯಲ್ಲಿ ಹಳೇ ಪೋಸ್ಟ್‌ಕಾರ್ಡುಗಳ ಬಗ್ಗೆ ಅರ್ಧ ಪುಟ ಬಂದಿತ್ತಲ್ಲ, ನೋಡಿ ಮೊದಲು ಖುಷಿಯೇ ಆಯ್ತು, ಈಗಿನ ಕಾಲದಲ್ಲಿ ಪೋಸ್ಟ್‌ಕಾರ್ಡಿಗೆ ಅರ್ಧ ಪುಟ ಕೊಡುವ ಪೇಪರ್ ಎಲ್ಲುಂಟು ಮಾರಾಯ್ರೆ. ಆದ್ರೆ ಮೂರನೇ ಚಿತ್ರಕ್ಕೆ ಬರುವಷ್ಟರಲ್ಲಿ ಕೈಯಲ್ಲಿದ್ದ ಚಾ ಕುಡಿಯುವುದೇ ಮರೆತು ಹೋಯ್ತು. ಅದರ ಕೆಳಗೆ ನೀವು ಹಾಕಿದ್ದು ಹೀಗೆ: 'ಸಿಲೋನಿನ ಪಿಶಾಚ ನರ್ತಕರು. ದ್ವೀಪದ ಆದಿವಾಸಿಗಳ ದೆವ್ವ ಬಿಡಿಸುವ ಕುಣಿತ, 1895.' ಒಂದೂವರೆ ಸಾಲು, ಅದರಲ್ಲಿ ಮೂರು ತಪ್ಪು.

ನಾನು ಅಂಚೆ ಇಲಾಖೆಯಲ್ಲಿ 36 ವರ್ಷ ಇದ್ದವ, ಅದರಲ್ಲಿ ಹೆಚ್ಚಿನದ್ದು ಆರ್‌ಎಂಎಸ್ ಅಂದ್ರೆ ರೈಲ್ವೆ ಮೇಲ್ ಸರ್ವಿಸಿನ ಸಾರ್ಟಿಂಗಿನಲ್ಲಿ ರಾತ್ರಿ ಪಾಳಿ. ಊರೂರಿನ ಕಾಗದ ವಿಂಗಡಿಸಿ ವಿಂಗಡಿಸಿ ಹಳೇ ಕಾರ್ಡಿನ ಹುಚ್ಚು ಹಿಡೀತು, ಈಗ ಮನೆಯಲ್ಲಿ ಎರಡು ಚಪ್ಪಲಿ ಬಾಕ್ಸ್ ತುಂಬ ಉಂಟು, ಹೆಂಡತಿ ಅದಕ್ಕೆ ಗುಜರಿ ಅಂತಲೇ ಹೇಳುವುದು. ನೀವು ಹಾಕಿದ ಆ ಸಿಲೋನ್, ಅಂದ್ರೆ ಈಗಿನ ಶ್ರೀಲಂಕಾದ, ಕಾರ್ಡ್ ನನ್ನ ಹತ್ರ ನಾಲ್ಕು ಪ್ರತಿ ಉಂಟು. ಹಾಗಾಗಿ ಇದು ಎಲ್ಲಿಂದಲೋ ಕೇಳಿ ಬರೀತಾ ಇರುವುದಲ್ಲ, ಭೂತಗನ್ನಡಿ ಹಿಡಿದು ನೋಡಿಯೇ ಬರೀತಾ ಇದ್ದೇನೆ.

ಮೊದಲು ಸುಲಭದ್ದು ಮುಗಿಸುವಾ, ಇಸವಿ. ಕಾರ್ಡಿನ ಹಿಂಬದಿಯನ್ನೂ ನೀವು ಚಿಕ್ಕದಾಗಿ ಹಾಕಿದ್ದೀರಿ, ಥ್ಯಾಂಕ್ಸ್, ಅದರಿಂದಲೇ ಸಿಕ್ಕಿಬಿದ್ರಿ. ಹಿಂಬದಿ ನಡುವಲ್ಲಿ ಉದ್ದ ಗೆರೆ ಉಂಟು, ಎಡಗಡೆ ಒಕ್ಕಣೆ, ಬಲಗಡೆ ವಿಳಾಸ. ಮೊದಲು ಹಾಗೆ ಇರಲಿಲ್ಲ, ಹಿಂಬದಿಯಲ್ಲಿ ವಿಳಾಸ ಮಾತ್ರ ಬರೀಬೇಕಿತ್ತು, ಎಂತಾದ್ರೂ ಹೇಳ್ಲಿಕ್ಕಿದ್ರೆ ಚಿತ್ರದ ಅಂಚಿನಲ್ಲಿ ಇರುವೆ ಸಾಲಿನ ಹಾಗೆ ಬರೀಬೇಕು. ಗೆರೆ ಹಾಕಿ ಎರಡು ಭಾಗ ಮಾಡ್ಲಿಕ್ಕೆ ಬ್ರಿಟನ್ ಅನುಮತಿ ಕೊಟ್ಟದ್ದೇ 1902ರಲ್ಲಿ. ಮತ್ತೆ ಸ್ಟ್ಯಾಂಪಿನಲ್ಲಿ ಇರುವ ಗಡ್ಡದವ ಏಳನೇ ಎಡ್ವರ್ಡ್, ಅವ ರಾಜ ಆದದ್ದು 1901ರಲ್ಲಿ. 1895ರ ಕಾರ್ಡಿನಲ್ಲಿ ಅವ ಬಂದು ಕೂತುಕೊಳ್ಳುವುದು ಹೇಗೆ? ಇದನ್ನು ಪೋಸ್ಟ್‌ಮ್ಯಾನ್ ಹತ್ರ ಕೇಳಿದ್ರೂ ಹೇಳ್ತಿದ್ದ.

ಇನ್ನು ಚಿತ್ರ. ಐದು ಜನ ಗಂಡಸರು, ಹಿಂದೆ ತೆಂಗಿನಮರ. ಮೂವರ ತಲೆಯಲ್ಲಿ ಬೆಳ್ಳಿಯ ಕಿರೀಟದಂಥದ್ದು, ಹಣೆಗೆ ಪಟ್ಟಿ, ಕಿವಿ ಮುಚ್ಚುವ ಹಾಗೆ ಬಿಲ್ಲೆ, ಮೇಲೆ ಅಶ್ವತ್ಥದ ಎಲೆ ಆಕಾರದ ತಗಡುಗಳು, ಎದೆ ಮೇಲೆ ಮಣಿಯ ಬಲೆ, ಸೊಂಟದಿಂದ ಕೆಳಗೆ ನೆರಿಗೆ ನೆರಿಗೆ ಬಿಳೀ ಬಟ್ಟೆ. ಉಳಿದ ಇಬ್ಬರ ಸೊಂಟಕ್ಕೆ ಉದ್ದ ಡೋಲು ಕಟ್ಟಿ ಉಂಟು. ಶ್ರೀಲಂಕಾಕ್ಕೆ ಹೋಗಿ ಬಂದವರು ಯಾರೂ ಇದನ್ನು ನೋಡಿದ ಕೂಡ್ಲೇ ಹೇಳ್ತಾರೆ, ಇದು ಕ್ಯಾಂಡಿಯ ವೆಸ್ ನೃತ್ಯದ ವೇಷ. 'ವೆಸ್' ಅಂದ್ರೆ ನಮ್ಮ ವೇಷವೇ. ಪೂರ್ತಿ ವೇಷಕ್ಕೆ 64 ಆಭರಣ ಅಂತ ಅಲ್ಲಿಯವರು ಲೆಕ್ಕ ಹೇಳ್ತಾರೆ. ಆ ಕಿರೀಟವನ್ನು ಸುಮ್ಮನೆ ಬೇಕಾದವರೆಲ್ಲ ಇಟ್ಟುಕೊಳ್ಳುವ ಹಾಗಿಲ್ಲ, ವರ್ಷಗಟ್ಟಲೆ ಗುರುಗಳ ಹತ್ರ ಕಲಿತು, ಆಮೇಲೆ ಮುಹೂರ್ತ ನೋಡಿ ವೆಸ್ ಮಂಗಲ್ಯ ಅಂತ ಒಂದು ಶಾಸ್ತ್ರ ಮಾಡಿ ತಲೆಗೆ ಇಡುವುದು, ಅಲ್ಲಿಂದ ಅವ ನರ್ತಕ.

ಈ ಕುಣಿತದ ಮೂಲ ಕೊಹೊಂಬ ಕಂಕಾರಿಯ ಅನ್ನುವ ದೊಡ್ಡ ಆರಾಧನೆ. ಕೊಹೊಂಬ ಅಂದ್ರೆ ಸಿಂಹಳದಲ್ಲಿ ಬೇವು. ವಿಜಯ ಅನ್ನುವ ಅರಸ ಕುವೇಣಿ ಅನ್ನುವವಳಿಗೆ ಮೋಸ ಮಾಡಿದ, ಅವಳ ಶಾಪ ಮುಂದಿನ ಅರಸ ಪಾಂಡುವಾಸುದೇವನಿಗೆ ಕಾಯಿಲೆಯಾಗಿ ತಟ್ಟಿತು, ಆಗ ಭಾರತದ ಕಡೆಯಿಂದ ಬಂದ ಮಲಯ ರಾಜ ಈ ಶಾಂತಿ ಮಾಡಿಸಿ ಗುಣ ಮಾಡಿದ ಅಂತ ಕಥೆ. ರಾತ್ರಿಯಿಡೀ ಪದ ಹೇಳಿ, ಕುಣಿದು, ನಡುನಡುವೆ ತಮಾಷೆ ಮಾಡಿ ಊರಿಗೆ ಒಳ್ಳೇದು ಕೇಳುವುದು. ಕೇಳಿದ್ರೆ ನಮ್ಮ ತುಳುನಾಡಿನ ಭೂತಕೋಲವೇ ನೆನಪಾಗ್ತದೆ ಅಂತ ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ.

ಹಾಗಾದ್ರೆ 'ಆದಿವಾಸಿ' ಎಲ್ಲಿಂದ ಬಂತು? ಆ ದ್ವೀಪದ ಆದಿವಾಸಿಗಳು ವೆದ್ದರು, ಅವರ ಕುಣಿತ, ಅವರ ಬದುಕು ಬೇರೆ. ಕಾರ್ಡಿನಲ್ಲಿ ಇರುವವರು ಸಿಂಹಳದವರು, ಡೋಲು ಮತ್ತು ಕುಣಿತವನ್ನು ತಲೆತಲಾಂತರದಿಂದ ನಡೆಸಿಕೊಂಡು ಬಂದ ಬೆರವ ಅನ್ನುವ ಸಮುದಾಯದವರು. ಬೆರ ಅಂದ್ರೆ ಡೋಲು, ನಮ್ಮ ಭೇರಿ ಉಂಟಲ್ಲ ಅದೇ. ಜಾತಿ ಏಣಿಯಲ್ಲಿ ಅವರನ್ನು ಕೆಳಗೆ ಇಟ್ಟಿದ್ರು, ಆದ್ರೆ ಅವರಿಲ್ಲದೆ ದೇವಸ್ಥಾನದ ಒಂದು ಕೆಲಸವೂ ನಡೀತಿರಲಿಲ್ಲ. ಇದೂ ನಮಗೆ ಹೊಸತಲ್ಲ, ನಲಿಕೆ, ಪಂಬದ, ಪರವ ಸಮುದಾಯದವರು ದೈವ ಕಟ್ಟಿದಾಗ ಗುತ್ತಿನ, ಅಂದ್ರೆ ದೊಡ್ಡ ಮನೆತನದ, ಯಜಮಾನರು ಕೈಮುಗಿದು ನಿಲ್ತಾರೆ, ಮರುದಿನ ಬೆಳಿಗ್ಗೆ ಲೆಕ್ಕ ಬೇರೆ.

ಮತ್ತೆ ಪಿಶಾಚ. ದಕ್ಷಿಣದ ಕರಾವಳಿಯಲ್ಲಿ, ಅಂಬಲಂಗೊಡ ಕಡೆ, ಮರದ ಮುಖವಾಡ ಹಾಕಿ ಮಾಡುವ ತೊವಿಲ್ ಅಂತ ಕಾಯಿಲೆ ಕಳೆಯುವ ಒಂದು ಆರಾಧನೆ ಉಂಟು. ಅದರಲ್ಲಿ ದಹಅಟ ಸನ್ನಿಯ ಅಂದ್ರೆ 18 ಸನ್ನಿಗಳು, ಕಾಯಿಲೆ ತರುವ ಶಕ್ತಿಗಳು, ಒಂದೊಂದು ಕಾಯಿಲೆಗೆ ಒಂದೊಂದು ಮುಖವಾಡ. ಕುರುಡಿಗೆ ಕಾಣ ಸನ್ನಿ, ಕಿವುಡಿಗೆ ಬಿಹಿರಿ ಸನ್ನಿ, ಕುಂಟಿಗೆ ಕೊರ ಸನ್ನಿ, ಎಲ್ಲರಿಗೂ ಯಜಮಾನ ಮಹಾಕೋಲ. ರೋಗಿಯ ಎದುರು ಆ ಸನ್ನಿ ಬಂದು ಕುಣಿದು, ಡೋಲಿನವನ ಜೊತೆ ಕಿರಿಕ್ ಮಾಡಿ, ಬೈಸಿಕೊಂಡು, ಕೊಟ್ಟದ್ದು ತಗೊಂಡು, ಬುದ್ಧನ ಆಣೆಗೆ ತಲೆಬಾಗಿ ಹೋಗ್ತದೆ, ಸುತ್ತ ಕೂತವರು ಬಿದ್ದು ಬಿದ್ದು ನಗ್ತಾರೆ. ಒಂದು ಥರ ಆಸ್ಪತ್ರೆ, ಒಂದು ಥರ ನಾಟಕ. ಅದನ್ನೂ ಬರೀ ದೆವ್ವ ಬಿಡಿಸುವುದು ಅಂತ ಹೇಳಿದ್ರೆ ಅರ್ಧವೂ ಹೇಳಿದ ಹಾಗೆ ಆಗುವುದಿಲ್ಲ, ಅದಿರಲಿ. ನಿಮ್ಮ ಚಿತ್ರದಲ್ಲಿ ಮುಖವಾಡವೇ ಇಲ್ಲ! ಡೋಲು ಸಹ ಬೇರೆ, ಅಲ್ಲಿಯದ್ದು ಯಕ್ ಬೆರ, ನೇರ ಕೊಳವೆ ಹಾಗೆ ಇರ್ತದೆ, ಇದು ಗೆಟ ಬೆರ, ನಡುವಲ್ಲಿ ಹೊಟ್ಟೆ ಬಂದು ಎರಡೂ ಕಡೆ ಸಪೂರ ಆಗ್ತದೆ.

ತಪ್ಪು ಪೂರ್ತಿ ನಿಮ್ಮದಲ್ಲ ಅಂತ ನನಗೂ ಗೊತ್ತುಂಟು. ಕಾರ್ಡಿನ ಮೇಲೆಯೇ ಇಂಗ್ಲಿಷಿನಲ್ಲಿ 'ಡೆವಿಲ್ ಡ್ಯಾನ್ಸರ್ಸ್, ಕ್ಯಾಂಡಿ' ಅಂತ ಅಚ್ಚಾಗಿದೆ, ನಿಮ್ಮವರು ಅದನ್ನು ಕನ್ನಡ ಮಾಡಿದ್ರು ಅಷ್ಟೆ. ಆದ್ರೆ ಅದನ್ನು ಬರೆದವರು ಯಾರು, ಯಾರಿಗೆ ಮಾರ್ಲಿಕ್ಕೆ ಬರೆದ್ರು ಅಂತ ಒಂದ್ಸಲ ಯೋಚನೆ ಮಾಡ್ಬಹುದಿತ್ತು.

ಸೂಯೆಜ್ ಕಾಲುವೆ 1869ರಲ್ಲಿ ಓಪನ್ ಆದ ಮೇಲೆ ಯುರೋಪಿನಿಂದ ಆಸ್ಟ್ರೇಲಿಯಾಕ್ಕೋ ಪೂರ್ವದ ಕಡೆಗೋ ಹೋಗುವ ತುಂಬ ಸ್ಟೀಮರುಗಳಿಗೆ ಬರಬರ್ತಾ ಕಲ್ಲಿದ್ದಲು ತುಂಬಿಸ್ಲಿಕ್ಕೆ ಕೊಲಂಬೋ ಸ್ಟಾಪ್ ಆಯ್ತು. ಹಡಗು ನಿಂತಷ್ಟು ಹೊತ್ತು ಪ್ಯಾಸೆಂಜರುಗಳು ಇಳಿದು ಪೇಟೆ ಸುತ್ತುತ್ತಾರೆ, ಟೈಮ್ ಇದ್ದವರು ರೈಲಿನಲ್ಲಿ ಕ್ಯಾಂಡಿಗೆ ಹೋಗ್ತಾರೆ, ಆ ಲೈನ್ 1867ಕ್ಕೇ ಆಗಿತ್ತು. ಅಂಥವರಿಗೆ ಊರಿಗೆ ಕಳಿಸ್ಲಿಕ್ಕೆ ಕಾರ್ಡ್ ಬೇಕಲ್ಲ. 1890ರಲ್ಲಿ ಶುರುವಾದ ಪ್ಲಾಟೆ ಕಂಪನಿ ಕಾರ್ಡ್ ಮಾಡುವ ಫೋಟೋ ಸ್ಟುಡಿಯೋಗಳಲ್ಲಿ ದೊಡ್ಡದು, ಆನೆ, ಟೀ ತೋಟ, ಕಟಮರಾನ್ ದೋಣಿ, ಬುದ್ಧನ ಹಲ್ಲು ಇಟ್ಟಿರುವ ದಂತ ದೇವಾಲಯ, ಡ್ಯಾನ್ಸರುಗಳು, ಎಲ್ಲವನ್ನೂ ಕಾರ್ಡ್ ಮಾಡಿದ್ರು. ವೆಸ್ ನರ್ತಕರು ಅಂತ ಹಾಕಿದ್ರೆ ಲಂಡನ್ನಿನ ಚಿಕ್ಕಮ್ಮನಿಗೆ ಎಂತ ಅರ್ಥ ಆಗ್ತದೆ? ಡೆವಿಲ್ ಅಂದ್ರೆ ಕೈ ತಾನಾಗಿ ಪರ್ಸಿಗೆ ಹೋಗ್ತದೆ. ಇದಕ್ಕೆ ಸ್ವಲ್ಪ ಮೊದಲು ಜರ್ಮನಿಯ ಹಾಗೆನ್‌ಬೆಕ್ ಅನ್ನುವ ಪ್ರಾಣಿ ವ್ಯಾಪಾರಿ ಸಿಂಹಳದ ಕುಣಿಯುವವರನ್ನು ಆನೆಗಳ ಜೊತೆಗೇ ಹಡಗು ಹತ್ತಿಸಿ ಯುರೋಪಿನ ಊರೂರಲ್ಲಿ ತೋರಿಸಿ ಟಿಕೆಟ್ ಮಾರಿದ, ಅದು 1880ರ ದಶಕ. ಆ ಪೋಸ್ಟರುಗಳ ಭಾಷೆಯೇ ಕಾರ್ಡಿಗೂ ಇಳಿದದ್ದು.

ನನ್ನ ನಾಲ್ಕು ಪ್ರತಿಗಳ ಗಮ್ಮತ್ತು ಕೇಳಿ. ನೆಗೆಟಿವ್ ಒಂದೇ, ತೆಂಗಿನಮರದ ಬಗ್ಗಿದ ಸೋಗೆ ಸಹ ಅಲ್ಲಿಗೇ ಉಂಟು. ಆದ್ರೆ ಒಂದರಲ್ಲಿ ನರ್ತಕರ ಬಟ್ಟೆ ಗುಲಾಬಿ, ಒಂದರಲ್ಲಿ ಪಾಚಿ ಹಸಿರು, ಮೂರನೇದರಲ್ಲಿ ಮಾತ್ರ ಬಿಳಿಗೆ ಕೆಂಪು ಅಂಚು, ಅದು ಸರಿ. ನಾಲ್ಕನೇದು ಕಪ್ಪು ಬಿಳುಪು. ಬಣ್ಣ ಹಾಕಿದವನು ಕ್ಯಾಂಡಿ ನೋಡಿದವ ಅಲ್ಲ ಅಂತ ಗ್ಯಾರಂಟಿ, ಆಗ ತುಂಬ ಕಾರ್ಡುಗಳು ಜರ್ಮನಿಯಲ್ಲಿ ಅಚ್ಚಾಗಿ ಬರ್ತಿದ್ವು, ಒಂದನೇ ಮಹಾಯುದ್ಧ ಶುರುವಾದ ಮೇಲೆ ಅದು ನಿಂತಿತು. ಪಾಪ ಅವನ ಕಣ್ಣಿಗೆ ಬೆಳ್ಳಿ ಕಿರೀಟ ಕಪ್ಪು ಬಿಳುಪಿನಲ್ಲಿ ಬೂದಿ ಕಂಡಿರಬೇಕು, ಚಿನ್ನದ ಬಣ್ಣ ಬಳಿದು ಬಿಟ್ಟಿದ್ದಾನೆ.

ಮತ್ತೊಂದು, ಚಿತ್ರದಲ್ಲಿ ಯಾರೂ ಕುಣೀತಾ ಇಲ್ಲ, ಗಮನಿಸಿದ್ರಾ? ಕ್ಯಾಂಡಿ ಕುಣಿತದ ಮೂಲ ನಿಲುವು ಮಂಡಿಯ, ಮೊಣಕಾಲು ಎರಡೂ ಹೊರಗೆ ಬಗ್ಗಿಸಿ ಅರ್ಧ ಕೂತ ಹಾಗೆ, ಭರತನಾಟ್ಯ ಕಲಿತ ಮಕ್ಕಳಿದ್ರೆ ಕೇಳಿ, ಅವರಿಗೆ ಗೊತ್ತಿರ್ತದೆ. ಇಲ್ಲಿ ಮೂವರೂ ಕಂಬದ ಹಾಗೆ ನಿಂತು ಒಂದೊಂದು ಕೈ ಮೇಲೆತ್ತಿದ್ದಾರೆ, ಅಷ್ಟೆ. ಡೋಲಿನವರ ಬೆರಳು ಚರ್ಮಕ್ಕೆ ಅಂಟಿದೆ. ನೆರಿಗೆ ಒಂದಿಷ್ಟೂ ಹಾರಿಲ್ಲ. ಆ ಕಾಲದ ಗಾಜಿನ ಪ್ಲೇಟಿಗೆ ಓಡುವ ಕಾಲು ಸುಲಭಕ್ಕೆ ಸಿಕ್ತಾ ಇರಲಿಲ್ಲ, ಅಲುಗಾಡಿದ್ರೆ ಹೊಗೆ ಹಾಗೆ ಆಗ್ತದೆ, ಅದಕ್ಕೇ 'ಕುಣಿದ ಹಾಗೆ ನಿಲ್ಲಿ' ಅಂತ ನಿಲ್ಲಿಸಿದ್ದು. ಎಡಗಡೆಯವನ ಮುಖ ನೋಡಿ, ಬಿಸಿಲಿಗೆ ಕಣ್ಣು ಕಿರಿದು ಮಾಡಿ, ಯಾವಾಗ ಮುಗೀತದೆ ಅಂತ ಕಾಯ್ತಾ ಇದ್ದಾನೆ. ಮುಂದೆ 1930ರ ದಶಕದಲ್ಲಿ ಕೊಲಂಬೋದವರೇ ಆದ ಲಯನಲ್ ವೆಂಟ್ ಇಂಥದ್ದೇ ಕ್ಯಾಂಡಿ ನರ್ತಕರ ಫೋಟೋ ತೆಗೆದ್ರು, ಅದರಲ್ಲಿ ಬೆವರು ಕಾಣ್ತದೆ, ಮೈಯಲ್ಲಿ ಲಯ ಕಾಣ್ತದೆ. ನಿಮ್ಮವರಿಗೆ ನಿಜವಾಗಿ ಕುಣಿತ ತೋರಿಸ್ಬೇಕಂತ ಇದ್ರೆ ಅದನ್ನು ಹುಡುಕಿ.

ಈಗ ನನಗೆ ಯಾಕೆ ಇಷ್ಟು ಉರೀತದೆ ಅಂತ ಹೇಳ್ತೇನೆ. ಮಂಗಳೂರಿನಲ್ಲಿ ಜಡ್ಜ್ ಆಗಿದ್ದ ಬರ್ನೆಲ್ ಅನ್ನುವವರು ನಮ್ಮ ಪಾಡ್ದನಗಳನ್ನು, ಅಂದ್ರೆ ದೈವಗಳ ಕಥೆ ಹೇಳುವ ತುಳು ಹಾಡುಗಳನ್ನು, ಭೂತಾರಾಧನೆಯ ವಿವರಗಳನ್ನು ಒಟ್ಟು ಮಾಡಿದ್ರು, ದೊಡ್ಡ ಕೆಲಸವೇ, ಅದಕ್ಕೆ ನಾವು ಋಣಿ. ಅವರು 1882ರಲ್ಲಿ ತೀರಿಹೋದ ಮೇಲೆ 1894ರಿಂದ ಅದು 'ಇಂಡಿಯನ್ ಆಂಟಿಕ್ವರಿ' ಪತ್ರಿಕೆಯಲ್ಲಿ ಕಂತು ಕಂತಾಗಿ ಬಂತು. ತಲೆಬರಹ ಎಂತ ಗೊತ್ತುಂಟಾ? ತುಳುವರ ಡೆವಿಲ್ ವರ್ಶಿಪ್. ಪಂಜುರ್ಲಿ ಡೆವಿಲ್, ಕಲ್ಕುಡ ಡೆವಿಲ್, ಎಲ್ಲರೂ ಡೆವಿಲ್. ನಮ್ಮ ದೈವವನ್ನು ಯಾರಾದ್ರೂ ಇವತ್ತು ಪೇಪರಿನಲ್ಲಿ ಪಿಶಾಚಿ ಅಂತ ಬರೆದ್ರೆ ನಿಮ್ಮ ಆಫೀಸಿನ ಎದುರು ಎಷ್ಟು ಜನ ಸೇರ್ತಾರೆ ಅಂತ ನಿಮಗೇ ಗೊತ್ತು. ಸಮುದ್ರದ ಆಚೆಯವರಿಗೆ ಮಾತ್ರ ಬರೆದ್ರೆ ನಡೀತದಾ?

ಸಿಂಹಳದ 'ಯಕ್', 'ಯಕಾ' ಎಲ್ಲ ನಮ್ಮ ಯಕ್ಷನೇ. ಡೆವಿಲ್ ಅಂತ ಇಂಗ್ಲಿಷಿಗೆ ಹೋದದ್ದು ಆ ಪದ. ಈ ಲೆಕ್ಕದಲ್ಲಿ ಯಕ್ಷಗಾನಕ್ಕೆ ಪಿಶಾಚಿ ಪದ್ಯ ಅಂತ ಹೆಸರಿಟ್ಟು ಆಟದ ಹ್ಯಾಂಡ್‌ಬಿಲ್ ಅಚ್ಚು ಹಾಕ್ಬೇಕಷ್ಟೆ. ಅಲ್ಲಿಯ ಮುಖವಾಡದ ನಾಟಕಕ್ಕೆ ಹೆಸರು ಕೋಲಂ, ನಮ್ಮ ಕೋಲ, ಎರಡೂ ವೇಷ, ರೂಪ ಅನ್ನುವ ಅರ್ಥದ ಪದವೇ.

ಇದನ್ನು ನನಗಿಂತ ಮೊದಲು ಕಂಡುಕೊಂಡವರು ನನ್ನ ಅಜ್ಜಿಯ ತಮ್ಮ. ಅವರು ಕೊಲಂಬೋದ ಪೆಟ್ಟಾದಲ್ಲಿ, ಅಂದ್ರೆ ಪೇಟೆಯಲ್ಲೇ, ಒಂದು ಹೋಟೆಲಿನ ಅಡುಗೆಮನೆಯಲ್ಲಿ ಕೆಲಸಕ್ಕಿದ್ರು. ಓದಿದ್ದು ನಾಲ್ಕನೇ ಕ್ಲಾಸ್, ಕನ್ನಡ ಮಾತ್ರ. 1938ರಲ್ಲಿ ಅವರು ಮನೆಗೆ ಕಳಿಸಿದ ಕಾರ್ಡ್ ನನ್ನ ಬಾಕ್ಸಿನಲ್ಲಿ ಉಂಟು, ಮೇಲೆ ಹೇಳಿದ ಕಪ್ಪು ಬಿಳುಪಿನದ್ದೇ, ಎಲ್ಲೋ ಹಳೇ ಸ್ಟಾಕ್ ಅಗ್ಗಕ್ಕೆ ಸಿಕ್ಕಿರಬೇಕು. ಹಿಂಬದಿ ಪೆನ್ಸಿಲಿನಲ್ಲಿ ಹೀಗೆ ಉಂಟು: 'ನಾನು ಕ್ಷೇಮ. ಇದು ಇಲ್ಲಿಯ ಕೋಲ. ಗಗ್ಗರ ಸಹ ಉಂಟು. ಸುಗ್ಗಿ ಕೊಯ್ಲು ಮುಗಿಯಿತೇ? ಹಣ ಮುಂದಿನ ತಿಂಗಳು.' ಇಂಗ್ಲಿಷ್ ಓದ್ಲಿಕ್ಕೆ ಬರುತ್ತಿರಲಿಲ್ಲ, ಆದ್ದರಿಂದ ಚಿತ್ರವನ್ನೇ ನೋಡಿದ್ರು, ಕಾಲಿನಲ್ಲಿ ಗಗ್ಗರ ಕಂಡಿತು. ಅಲ್ಲಿ ಅದಕ್ಕೆ ಸಿಲಂಬು ಹೇಳ್ತಾರೆ, ಒಳಗೆ ಗುಂಡು ಹಾಕಿದ ಟೊಳ್ಳು ಕಡಗ, ನಮ್ಮದರ ಹಾಗೇ ಗಲಗಲ.

ನಾನೂ 2018ರ ಆಗಸ್ಟಿನಲ್ಲಿ ಎಸಳ ಪೆರಹರ ಅನ್ನುವ ದೊಡ್ಡ ಮೆರವಣಿಗೆ ನೋಡ್ಲಿಕ್ಕೆ ಕ್ಯಾಂಡಿಗೆ ಹೋಗಿದ್ದೆ, ರಿಟೈರ್ಮೆಂಟ್ ದುಡ್ಡಿನಲ್ಲಿ ಮಾಡಿದ ಒಂದೇ ಫಾರಿನ್ ಟೂರ್. ಮಧ್ಯಾಹ್ನದಿಂದಲೇ ಫುಟ್‌ಪಾತಿನಲ್ಲಿ ಪೇಪರ್ ಹಾಸಿ ಕೂತದ್ದು, ಪಕ್ಕದ ಹೆಂಗಸು ಬೇಯಿಸಿದ ಕಡಲೆ ಕೊಟ್ಟಳು. ಕತ್ತಲಾದ ಮೇಲೆ ಮೊದಲು ಬಂದದ್ದು ಚಾಟಿಯ ಶಬ್ದ, ಪಟೀರ್ ಪಟೀರ್ ಅಂತ ಬೀದಿಗೆ ಹೊಡೀತಾ ಹುಡುಗರು, ಆಮೇಲೆ ಪಂಜು. ಆ ಪಂಜಿಗೆ ಎಣ್ಣೆ ಬಟ್ಟೆ ಅಲ್ಲ, ಕಬ್ಬಿಣದ ಬುಟ್ಟಿಯಲ್ಲಿ ಕೊಬ್ಬರಿ ಉರಿಸುವುದು! ಕೊಬ್ಬರಿ ಸುಟ್ಟ ವಾಸನೆ ಮೂಗಿಗೆ ಬಂತೋ ಇಲ್ವೋ ನನಗೆ ನಮ್ಮ ಎಣ್ಣೆ ಗಾಣ, ಅಜ್ಜನ ಮನೆ ಅಂಗಳ ಎಲ್ಲ ಒಟ್ಟಿಗೇ ಬಂತು. ಹಿಂದೆಯೇ ನೂರಾರು ಗೆಟ ಬೆರ. ಎದೆಯೊಳಗೆ ಹೋಗಿ ಬಡಿಯುವ ಶಬ್ದ, ಕಿವಿ ಮುಚ್ಚಿದ್ರೂ ಬಿಡುವುದಿಲ್ಲ. ವೆಸ್ ನರ್ತಕರು ಹಾರಿ ತಿರುಗಿದಾಗ ತಲೆ ಮೇಲಿನ ಆ ಬೆಳ್ಳಿ ಎಲೆಗಳೆಲ್ಲ ನಡುಗಿ ಪಂಜಿನ ಬೆಳಕು ಚೂರು ಚೂರಾಗ್ತದೆ, ನೂರು ಕಾರ್ಡ್ ನೋಡಿದ್ರೂ ಅದು ಗೊತ್ತಾಗುವುದಿಲ್ಲ. ಕೊನೆಗೆ ದಂತ ಕರಂಡಕ ಹೊತ್ತ ಆನೆ ಬಂದಾಗ ಎಲ್ಲರೂ ಎದ್ದು ನಿಂತ್ರು, ನಾನೂ ನಿಂತೆ.

ಮರುದಿನ ನಾನು ಉಳಿದುಕೊಂಡ ಮನೆಯವರು ಹತ್ರದ ಹಳ್ಳಿಯ ಒಬ್ಬ ವಯಸ್ಸಾದ ಡೋಲಿನವರಲ್ಲಿಗೆ ಕರಕೊಂಡು ಹೋದ್ರು. ಡೋಲಿನ ಬಲಬದಿಗೆ ಹಿಂದೆ ಮಂಗನ ಚರ್ಮ, ಎಡಬದಿಗೆ ದನದ್ದು ಅಂತ ಅವರು ಬೆರಳು ಬಾರಿಸಿ ವ್ಯತ್ಯಾಸ ತೋರಿಸಿದ್ರು. ನಾನು ಕಿಸೆಯಿಂದ ಕಾರ್ಡ್ ತೆಗೆದು ಕೊಟ್ಟೆ. ಕನ್ನಡಕ ಹಾಕಿ, ಬಾಗಿಲ ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದ್ರು. ಮೊಮ್ಮಗ ಇಂಗ್ಲಿಷ್ ಓದಿ ಸಿಂಹಳದಲ್ಲಿ ಹೇಳಿದ, ಅದಕ್ಕೆ ಅವರು ಎಂತದೂ ಹೇಳಲಿಲ್ಲ. ಕೇಳಿದ್ದು ಒಂದೇ, ಇವರ ಹೆಸರು ಬರೆದಿದೆಯಾ? ಇಲ್ಲ. ಕೆಳಗಡೆ ಮೂಲೆಯಲ್ಲಿ ಮಾರಿದ ಕಂಪನಿ ಹೆಸರು ಚಂದಕ್ಕೆ ಉಂಟು, ಕಾಪಿರೈಟ್ ಸಹ ಉಂಟು. ಐದು ಜನರಲ್ಲಿ ಒಬ್ಬರ ಹೆಸರೂ ಇಲ್ಲ. ನನ್ನ ಸಿಲೋನ್ ಕಾರ್ಡುಗಳಲ್ಲಿ ಯಾವುದರಲ್ಲೂ ಇಲ್ಲ, ಆಮೇಲೆ ಮನೆಗೆ ಬಂದು ಒಂದೊಂದೇ ತೆಗೆದು ನೋಡಿದೆ.

ಹಳೇದೆಲ್ಲ ಹಾಗೇ ಇರ್ಬೇಕು ಅಂತ ನನ್ನ ವಾದ ಅಲ್ಲ. ಕಾರ್ಡುಗಳಲ್ಲಿ ಇರುವುದು ಬರೀ ಗಂಡಸರು, ಈಗ ಹೆಣ್ಮಕ್ಕಳೂ ಕ್ಯಾಂಡಿ ನೃತ್ಯ ಕಲೀತಾರೆ, ಚಿತ್ರಸೇನ ಮತ್ತು ವಜಿರಾ ಅನ್ನುವ ನರ್ತಕ ದಂಪತಿ ಅದನ್ನು ದೊಡ್ಡ ರಂಗಕ್ಕೆ ತಂದ್ರು. ಅದಕ್ಕೂ ಮೊದಲು 1934ರಲ್ಲಿ ಟ್ಯಾಗೋರ್ ಆ ದೇಶಕ್ಕೆ ಹೋದವರು ಈ ಕುಣಿತ ನೋಡಿ ಮೆಚ್ಚಿ ಶಾಂತಿನಿಕೇತನದವರು ಅದನ್ನು ಕಲಿಯುವ ಹಾಗೆ ಮಾಡಿದ್ರು. ಸಂಜೆ ಐದಕ್ಕೆ ಟೂರಿಸ್ಟುಗಳಿಗೆ ಒಂದು ಗಂಟೆಯ ಶೋ ಸಹ ಉಂಟು, ನಾನೂ ಟಿಕೆಟ್ ಕೊಟ್ಟು ನೋಡಿದೆ, ಮೊಬೈಲ್ ಎತ್ತಿ ಹಿಡಿದು ಫೋಟೋ ಸಹ ತೆಗೆದೆ, ನಾನೇನು ದೊಡ್ಡ ಸಾಚಾ ಅಲ್ಲ.

ಒಟ್ರಾಸಿ ನನ್ನ ಬೇಡಿಕೆ ಚಿಕ್ಕದು. ಬರುವ ಭಾನುವಾರ ಅದೇ ಚಿತ್ರ ಇನ್ನೊಮ್ಮೆ ಹಾಕಿ, ಚಿಕ್ಕದಾದ್ರೂ ಅಡ್ಡಿಯಿಲ್ಲ, ಕೆಳಗೆ ಹೀಗೆ ಬರೆಯಿರಿ: 'ಶ್ರೀಲಂಕಾದ ಕ್ಯಾಂಡಿಯ ವೆಸ್ ನರ್ತಕರು ಮತ್ತು ಗೆಟ ಬೆರ ವಾದಕರು. 1901ರ ನಂತರದ ಕಾರ್ಡ್. ಹೆಸರುಗಳನ್ನು ಪ್ರಕಾಶಕರು ದಾಖಲಿಸಿಲ್ಲ.' ಬಿಳಿಗೆ ಕೆಂಪು ಅಂಚಿನ ಪ್ರತಿಯ ಸ್ಕ್ಯಾನ್ ಈ ಮೇಲ್ ಜೊತೆ ಕಳಿಸಿದ್ದೇನೆ, ನಿಮ್ಮದಕ್ಕಿಂತ ಕ್ಲಿಯರ್ ಉಂಟು, ಬೇಕಾದ್ರೆ ಅದನ್ನೇ ಬಳಸಿ, ದುಡ್ಡು ಎಂತ ಬೇಡ. ಅಜ್ಜಿಯ ತಮ್ಮನ ಕಾರ್ಡ್ ಮಾತ್ರ ಕೊಡುವುದಿಲ್ಲ, ಕೇಳ್ಬೇಡಿ. ಪತ್ರ ಉದ್ದ ಆಯ್ತು ಅಂತ ಗೊತ್ತುಂಟು, ಜಾಗ ಇಲ್ಲದಿದ್ರೆ ಸ್ಟ್ಯಾಂಪಿನ ವಿಷಯ, ನನ್ನ ಟೂರಿನ ವಿಷಯ ಕತ್ತರಿಸಿ, ಆ ಮೂರು ಸಾಲು ಮಾತ್ರ ಮುಟ್ಬೇಡಿ.

ಇತಿ,
ನಿಮ್ಮ ಹಳೇ ಓದುಗ, ನಿವೃತ್ತ ಅಂಚೆ ನೌಕರ
ಉಡುಪಿ